ಮಾಲು ಸುಟ್ಟರೆ ಯಾರಿಗೆ ನಷ್ಟ?

ಆತ್ಮೀಯರೇ,

ಬಡ್ಡಿ ನಿಷಿದ್ಧವೆಂಬ ಇಸ್ಲಾಮಿನ ನಿಯಮದಂತೆ ಪಾಕಿಸ್ತಾನ ತಂದ ಬಡ್ಡಿರಹಿತ ಬ್ಯಾಂಕಿಂಗ್ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ವಿಷಯವೂ ಕನ್ನಡದಲ್ಲಿ ಅಪರೂಪದ್ದು. ಆದರೆ ಮೂರನೇ ಪ್ಯಾರಾ ಓದಿ ರೇಗಿತು. ಅದರ ಬಗ್ಗೆಯಷ್ಟೇ ಬರೆಯುತ್ತೇನೆ.

"1985ರ ಜುಲೈ 1ರಂದು ಬ್ಯಾಂಕುಗಳಲ್ಲಿ ಬಡ್ಡಿ ಕೊನೆಯಾಯಿತು." ತಾರೀಖು ಸರಿ, ಕ್ರಿಯಾಪದ ತಪ್ಪು. ಅಂದು ಹೋದದ್ದು ಬಡ್ಡಿ ಎಂಬ ಹೆಸರು, ಅದೂ ರೂಪಾಯಿ ವಹಿವಾಟಿನಲ್ಲಿ ಮಾತ್ರ. ವಿದೇಶಿ ಕರೆನ್ಸಿ ಠೇವಣಿಗೆ, ಸರ್ಕಾರ ಎತ್ತುವ ಸಾಲಕ್ಕೆ ಬಡ್ಡಿ ಎಂದಿನಂತೆ ನಡೆಯಿತು.

"ಬ್ಯಾಂಕು ಸಾಲ ಕೊಡದೆ ಸರಕು ಕೊಂಡು ಲಾಭಕ್ಕೆ ಮಾರಿತು." ಯಾರಿಂದ ಕೊಂಡಿತು ಸ್ವಾಮಿ? ಆಗ ಚಾಲ್ತಿಗೆ ಬಂದ 'ಮಾರ್ಕಪ್' ಹೀಗಿತ್ತು ನೋಡಿ: ಗಿರಣಿಯವನ ಗೋದಾಮಿನಲ್ಲಿ ನೂಲಿದೆ. ಅದನ್ನು ಬ್ಯಾಂಕು ಅವನಿಂದಲೇ 10 ಲಕ್ಷಕ್ಕೆ ಕೊಂಡಂತೆ ಒಂದು ಕಾಗದ. 6 ತಿಂಗಳ ಗಡುವಿಗೆ 10 ಲಕ್ಷ 60 ಸಾವಿರಕ್ಕೆ ಅವನಿಗೇ ಮರಳಿ ಮಾರಿದಂತೆ ಇನ್ನೊಂದು ಕಾಗದ. ನೂಲು ಇದ್ದಲ್ಲೇ ಇದೆ. ವರ್ಷಕ್ಕೆ ಶೇ. 12 ಬಡ್ಡಿ ಅಂದರೂ ಲೆಕ್ಕ ಅದೇ.

ನಾನು ಕೆಲಸ ಕಲಿತ ಮೇಜಿನಲ್ಲಿ ಇಂಥ ಕಾಪಿಗೆ ಹಿರಿಯರ ಪ್ರಶ್ನೆ ಒಂದೇ: ಮಾಲು ಸುಟ್ಟರೆ ಯಾರಿಗೆ ನಷ್ಟ? ನಿಮ್ಮ ಪ್ಯಾರಾದಲ್ಲಿ ಉತ್ತರವಿಲ್ಲ. ಸರಿಯಾದ ಮುರಾಬಹಾದಲ್ಲಿ, ಅಂದರೆ ಬ್ಯಾಂಕು ಸರಕು ಕೊಂಡು ಲಾಭ ಸೇರಿಸಿ ಗಿರಾಕಿಗೆ ಮಾರುವ ಇಸ್ಲಾಮಿ ಪದ್ಧತಿಯಲ್ಲಿ, ಇದೆ. ಸರಕು ಕೊಳ್ಳಲು ಬ್ಯಾಂಕು ಗಿರಾಕಿಯನ್ನೇ ತನ್ನ ಏಜೆಂಟಾಗಿ ನೇಮಿಸಬಹುದು, ಆದರೆ ಸರಕು ಮೂರನೆಯವನಿಂದ ಬರಬೇಕು, ಬ್ಯಾಂಕಿನ ಸ್ವತ್ತಾಗಿ ಬರಬೇಕು. ಆಮೇಲೆಯೇ ಅಸಲು, ಲಾಭ ಬಿಡಿಸಿ ಹೇಳಿ ಮಾರಾಟ. ಕೊಂಡದ್ದಕ್ಕೂ ಮಾರುವುದಕ್ಕೂ ನಡುವೆ ಬೆಂಕಿ ಬಿದ್ದರೆ ನಷ್ಟ ಬ್ಯಾಂಕಿನದು. ಎಡವುವುದೂ ಈ ನಡುವಿನಲ್ಲೇ. ಹತ್ತಿಯನ್ನು ನೂತು ಮುಗಿಸಿದ ಮೇಲೆ ಮಾರಾಟದ ಪತ್ರಕ್ಕೆ ಸಹಿ ಬಿದ್ದರೆ ಮಾರಲು ಹತ್ತಿಯೇ ಉಳಿದಿಲ್ಲ. ಬಿಲ್ಲಿನ ತಾರೀಖು ಏಜೆನ್ಸಿ ಕರಾರಿಗಿಂತ ಹಿಂದಿನದಾದರೆ, ಗಿರಾಕಿ ತನಗಾಗಿ ಕೊಂಡ ಮಾಲಿಗೆ ಬ್ಯಾಂಕು ದುಡ್ಡು ಕೊಟ್ಟಂತೆ, ಅಂದರೆ ಸಾಲವೇ. ಕಂತು ತಡವಾಯಿತೆಂದು ಬೆಲೆ ಏರಿಸುವಂತಿಲ್ಲ. ದಂಡ ಹಾಕಿದರೂ ಅದು ದಾನದ ಖಾತೆಗೆ, ಬ್ಯಾಂಕಿನ ಆದಾಯಕ್ಕಲ್ಲ.

"ನ್ಯಾಯಾಲಯಗಳು ಅಡ್ಡಗಾಲು ಹಾಕಿದವು." ಇದಂತೂ ತಿರುಗುಮುರುಗು. ಆ ಮಾರ್ಕಪ್ ಬಡ್ಡಿಯೇ ಎಂದು 1991ರಲ್ಲಿ ಹೇಳಿದ್ದು ಫೆಡರಲ್ ಶರೀಯತ್ ನ್ಯಾಯಾಲಯ, ಅಂದರೆ ಕಾನೂನು ಇಸ್ಲಾಮಿಗೆ ಹೊಂದುತ್ತದೆಯೇ ಎಂದು ನೋಡುವ ಅಲ್ಲಿನ ನ್ಯಾಯಾಲಯ. 1999ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಶರೀಯತ್ ಮೇಲ್ಮನವಿ ಪೀಠ ಅದನ್ನು ಎತ್ತಿಹಿಡಿಯಿತು. 2002ರಲ್ಲಿ ಅದೇ ಪೀಠ ಎರಡೂ ತೀರ್ಪು ಬದಿಗೊತ್ತಿ ಪ್ರಕರಣವನ್ನು ಕೆಳಕ್ಕೆ ಮರಳಿಸಿತು. ನಿಮ್ಮ ಮಾತು ಹೊಂದುವುದು ಆ ಒಂದು ವರ್ಷಕ್ಕೆ. 2022ರ ಏಪ್ರಿಲಿನಲ್ಲಿ ಶರೀಯತ್ ನ್ಯಾಯಾಲಯ ಮತ್ತೆ ಬಡ್ಡಿಯ ವಿರುದ್ಧವೇ ತೀರ್ಪಿತ್ತು, ಬಡ್ಡಿ ತೊಲಗಿಸಲು 2027ರ ಡಿಸೆಂಬರ್ 31ರ ಗಡುವು ಕೊಟ್ಟಿತು.

ಪೀಠಿಕೆಯ ಎರಡು ಪುಟ ಕಿತ್ತುಹಾಕಿ. ಒಂದು ಮುರಾಬಹಾವನ್ನು ತಾರೀಖುವಾರು ಬರೆದು, ಪ್ರತಿ ತಾರೀಖಿನ ಎದುರು ಆ ದಿನ ಸರಕು ಯಾರದು ಎಂದು ಗುರುತಿಸಿ ಕಳಿಸಿ, ನೋಡೋಣ.

— ಸಂ.