ಪದಕಗಳಿಗೆ ಮೂರು ಪುಟ, ರೀವಾಗೆ ಒಂದು ಸಾಲು

ಪ್ರಿಯರೇ,

ಪ್ರೇಯಸಿ ರೀವಾ ಸ್ಟೀನ್‌ಕ್ಯಾಂಪ್‌ಳನ್ನು ಗುಂಡಿಕ್ಕಿ ಕೊಂದ, ಕೃತಕ ಕಾಲುಗಳಲ್ಲಿ ಓಡುತ್ತಿದ್ದ ದಕ್ಷಿಣ ಆಫ್ರಿಕಾದ ಓಟಗಾರ ಆಸ್ಕರ್ ಪಿಸ್ಟೋರಿಯಸ್‌ನ ಪೆರೋಲ್ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ವಿಷಯ ಕೈಬಿಡಬೇಡಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹೆಸರಿದ್ದುದರಿಂದ ಆತ ಬೇಗ ಹೊರಬಂದ ಎಂಬುದು ನಿಮ್ಮ ವಾದ. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ದಿನಗಳನ್ನು ಎಣಿಸಿದ್ದೀರಾ? ದಕ್ಷಿಣ ಆಫ್ರಿಕಾದಲ್ಲಿ ಇಂಥ ಗಂಭೀರ ಅಪರಾಧಕ್ಕೆ ಜೈಲು ಸೇರಿದವರು ಅರ್ಧ ಶಿಕ್ಷೆ ಕಳೆದ ಮೇಲೆ ಪೆರೋಲ್ ಮಂಡಳಿಯ ಮುಂದೆ ಬರಬಹುದು. ಹೆಸರಿಲ್ಲದ ಕೈದಿಗೂ ಅದೇ ನಿಯಮ. 2023ರ ಮಾರ್ಚ್‌ನಲ್ಲಿ ಮಂಡಳಿ ಆತನಿಗೆ ಆ ಅರ್ಧ ಅವಧಿ ಮುಗಿದಿಲ್ಲವೆಂದು ಹೇಳಿತ್ತು. ಆ ಲೆಕ್ಕ ತಪ್ಪೆಂದು ಸಂವಿಧಾನ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ನವೆಂಬರ್ 24ರಂದು ಪೆರೋಲ್ ಸಿಕ್ಕಿತು, 2024ರ ಜನವರಿ 5ರಂದು ಹೊರಬಂದ. ಹಾಗೆ ನೋಡಿದರೆ ಈ ಹಂತದಲ್ಲಿ ಆತನಿಗೆ ತಡವೇ ಆಯಿತು.

ಇನ್ನೊಂದು ತೊಡಕು 'ಪೆರೋಲ್' ಎಂಬ ಪದದ್ದೇ. ನಮ್ಮಲ್ಲಿ ಪೆರೋಲ್ ಎಂದರೆ ಮನೆಯಲ್ಲಿ ಸಾವೋ ಮದುವೆಯೋ ಆದಾಗ ಕೈದಿಗೆ ಸಿಗುವ ಕೆಲವು ದಿನಗಳ ಬಿಡುವು, ಅದು ಮುಗಿದರೆ ಮತ್ತೆ ಜೈಲು. ನಿಮ್ಮ ಓದುಗರು ಹಾಗೇ ತಿಳಿಯುತ್ತಾರೆ. ಅಲ್ಲಿ ಹಾಗಲ್ಲ. ಉಳಿದ ಶಿಕ್ಷೆಯನ್ನು ನಿಗಾದಲ್ಲಿ ಹೊರಗೆ ಕಳೆಯಬೇಕು. ಪಿಸ್ಟೋರಿಯಸ್‌ನ ಶಿಕ್ಷೆ ಮುಗಿಯುವುದು 2029ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಮದ್ಯ ಮುಟ್ಟುವಂತಿಲ್ಲ, ಮಾಧ್ಯಮಕ್ಕೆ ಸಂದರ್ಶನ ಕೊಡುವಂತಿಲ್ಲ, ಗೊತ್ತುಪಡಿಸಿದ ಹೊತ್ತಿನಲ್ಲಿ ಮನೆಯಲ್ಲೇ ಇರಬೇಕು. ಇದನ್ನು ಒಂದು ಪ್ಯಾರಾದಲ್ಲಿ ಹೇಳಲೇಬೇಕಿತ್ತು.

ಹಾಗಾದರೆ ಹೆಸರು ಎಲ್ಲೂ ಕೆಲಸ ಮಾಡಲಿಲ್ಲವೇ? ಮಾಡಿರಬಹುದು, ಆದರೆ ಅದನ್ನು ನೀವು ಹುಡುಕಬೇಕಿದ್ದುದು ಶಿಕ್ಷೆ ಗೊತ್ತುಮಾಡಿದ ದಿನದಲ್ಲಿ. 2014ರಲ್ಲಿ ನ್ಯಾಯಾಧೀಶೆ ಥೋಕೊಜಿಲೆ ಮಸಿಪಾ ಅದನ್ನು ಕೊಲೆಯಲ್ಲದ ನರಹತ್ಯೆ ಎಂದು ಐದು ವರ್ಷ ಕೊಟ್ಟರು. ಶೌಚಾಲಯದ ಬಾಗಿಲ ಹಿಂದೆ ಯಾರೇ ಇದ್ದರೂ ಸಾಯಬಹುದೆಂದು ಗೊತ್ತಿದ್ದೇ ಗುಂಡು ಹಾರಿಸಿದ, ಆದ್ದರಿಂದ ಅದು ಕೊಲೆ ಎಂದು 2015ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಕೊಲೆಗೆ ಅಲ್ಲಿ ಕನಿಷ್ಠ 15 ವರ್ಷ. ವಿಶೇಷ ಕಾರಣವಿದ್ದರೆ ಮಾತ್ರ ಇಳಿಸಬಹುದು. 2016ರಲ್ಲಿ ಮಸಿಪಾ ಕೊಟ್ಟದ್ದು ಆರು. ಆತ ಬಿದ್ದುಹೋದ ವೀರ, ವೃತ್ತಿಯನ್ನೂ ಹಣವನ್ನೂ ಕಳೆದುಕೊಂಡವನು ಎಂದು ಆ ದಿನ ಅವರು ಹೇಳಿದ್ದರು. ನಿಮ್ಮ ಲೇಖನದ ಜೀವ ಇರುವುದು ಇಲ್ಲಿ. ಬೀಳಲು ಎತ್ತರವೇ ಇಲ್ಲದ ಕೂಲಿಯವನೊಬ್ಬ ಅದೇ ಕಟಕಟೆಯಲ್ಲಿ ನಿಂತಿದ್ದರೆ ಅವನು ಕಳೆದುಕೊಂಡದ್ದನ್ನು ಯಾರು ಎಣಿಸುತ್ತಿದ್ದರು? ಆರು ವರ್ಷ ಆಘಾತವಾಗುವಷ್ಟು ಕಡಿಮೆ ಎಂದ ಮೇಲ್ಮನವಿ ನ್ಯಾಯಾಲಯ 2017ರಲ್ಲಿ, 15 ವರ್ಷದಿಂದ ಆತ ಆಗಲೇ ಅನುಭವಿಸಿದ್ದ ಅವಧಿಯನ್ನು ಕಳೆದು, ಶಿಕ್ಷೆಯನ್ನು 13 ವರ್ಷ 5 ತಿಂಗಳಿಗೆ ಏರಿಸಿತು. ನಿಮ್ಮ ಎಂಟು ಪುಟಗಳಲ್ಲಿ ಈ ಏರಿಳಿತವೇ ಇಲ್ಲ.

ಇದರ ಪಕ್ಕದಲ್ಲಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಪ್ರಕರಣ ಇಟ್ಟು ನೋಡಿ. 1988ರಲ್ಲಿ ಪಟಿಯಾಲದ ರಸ್ತೆಯಲ್ಲಿ ನಡೆದ ಜಗಳದಲ್ಲಿ ಸಿಧು ಕೈಯಿಂದ ಪೆಟ್ಟು ತಿಂದ 65 ವರ್ಷದ ಗುರ್ನಾಮ್ ಸಿಂಗ್ ತೀರಿಕೊಂಡರು. 2018ರಲ್ಲಿ ಸಾವಿರ ರೂಪಾಯಿ ದಂಡಕ್ಕೆ ಮುಗಿಸಿದ್ದ ಸುಪ್ರೀಂ ಕೋರ್ಟೇ 2022ರಲ್ಲಿ ಒಂದು ವರ್ಷದ ಜೈಲು ವಿಧಿಸಿತು. ಬಾಕ್ಸರ್, ಪೈಲ್ವಾನ, ಕ್ರಿಕೆಟಿಗ ಇಂಥವರ ಕೈಯೇ ಆಯುಧವಾಗಬಲ್ಲದು ಎಂದಿತು. ಅಲ್ಲಿ ಆಟಗಾರನ ಮೈಕಟ್ಟು ಹೊಣೆಯನ್ನು ಹೆಚ್ಚಿಸಿತು. ನಮ್ಮ ಓದುಗರಿಗೆ ಈ ಹೋಲಿಕೆ ನೇರವಾಗಿ ತಟ್ಟುತ್ತದೆ.

ಕೊನೆಯದನ್ನು ಹೇಳಲು ನನಗೂ ಕಷ್ಟ. ಲಂಡನ್ ಒಲಿಂಪಿಕ್ಸ್, ಕಾರ್ಬನ್ ಕಾಲು, ಪದಕಗಳಿಗೆ ನೀವು ಮೂರು ಪುಟ ಕೊಟ್ಟಿದ್ದೀರಿ. ರೀವಾ ಸ್ಟೀನ್‌ಕ್ಯಾಂಪ್‌ಗೆ 'ಆತನ ಪ್ರೇಯಸಿ, ಮಾಡೆಲ್' ಎಂಬ ಒಂದು ಸಾಲು. ಆಕೆ ಕಾನೂನು ಪದವೀಧರೆ, 29 ವರ್ಷ. 2013ರ ಫೆಬ್ರವರಿ 14ರ ನಸುಕಿನಲ್ಲಿ ಚಿಲಕ ಹಾಕಿದ ಶೌಚಾಲಯದೊಳಗೆ ಇದ್ದಳು. ಬಾಗಿಲ ಮೂಲಕ ನಾಲ್ಕು ಗುಂಡು. ಆಕೆಯ ತಂದೆ ಬ್ಯಾರಿ 2022ರಲ್ಲಿ ಪಿಸ್ಟೋರಿಯಸ್‌ನನ್ನು ಎದುರಾಬದುರು ಕೂತು ಮಾತಾಡಿಸಿದರು. ಮರುವರ್ಷ, ಪೆರೋಲ್ ತೀರ್ಮಾನಕ್ಕೆ ಮೊದಲೇ ತೀರಿಕೊಂಡರು. ಆತ ಬಿಡುಗಡೆಯಾದ ದಿನ ತಾಯಿ ಜೂನ್, ಉಳಿದಿರುವ ನಾವೇ ಜೀವಾವಧಿ ಶಿಕ್ಷೆ ಅನುಭವಿಸುತ್ತಿರುವವರು ಎಂದರು. ಪೆರೋಲ್ ಬಗ್ಗೆ ಬರೆಯುವವರು ಈ ತಾಯಿಯನ್ನು ಹೇಗೆ ಬಿಟ್ಟಿರಿ?

ತಿದ್ದುವಾಗ ರೀವಾಳಿಂದ ಶುರು ಮಾಡಿ, ಓಟಗಳಿಗೆ ಅರ್ಧ ಪುಟ ಸಾಕು. ಉದ್ದಕ್ಕೂ 'ಆ ದುರ್ಘಟನೆ' ಎಂದು ಬರೆದಿದ್ದೀರಿ. ನ್ಯಾಯಾಲಯ ಅದನ್ನು ಕೊಲೆ ಎಂದಿದೆ, ನೀವೂ ಹಾಗೇ ಬರೆಯಿರಿ. ತಿದ್ದಿದ ಪ್ರತಿಗಾಗಿ ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕಿ