ತೂಕ ಸರಿಯಿದ್ದರೂ ಓಡಿದರೆ ಏದುಸಿರು ಏಕೆ?

ಪ್ರಶ್ನೆ: ನಾನು ಹಾಸ್ಟೆಲಿನಲ್ಲಿರುವ 22 ವರ್ಷದ ಸ್ನಾತಕೋತ್ತರ ವಿದ್ಯಾರ್ಥಿ. ಎತ್ತರ 165 ಸೆಂ.ಮೀ., ತೂಕ 60 ಕೆ.ಜಿ., ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತಿಳಿಸುವ ಸೂಚ್ಯಂಕ) 22. ಆದರೂ ಮೈದಾನದಲ್ಲಿ ಎರಡು ಸುತ್ತು ಓಡುವಷ್ಟರಲ್ಲಿ ಏದುಸಿರು ಬರುತ್ತದೆ. ನನ್ನಷ್ಟೇ ಎತ್ತರವಿದ್ದು 68 ಕೆ.ಜಿ. ತೂಗುವ ಗೆಳೆಯ ಆರಾಮವಾಗಿ ಓಡುತ್ತಾನೆ. ರಾತ್ರಿ ಊಟ ಬಿಟ್ಟು ನಾಲ್ಕು ಕೆ.ಜಿ. ಇಳಿಸಿದರೆ ದಮ್ಮು ಹೆಚ್ಚುವುದೇ?
– ಓದುಗ, ಧಾರವಾಡ

ಉತ್ತರ: ದಯವಿಟ್ಟು ಊಟ ಬಿಡಬೇಡಿ. ನಿಮ್ಮ 60 ಕೆ.ಜಿ.ಯಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂಬುದನ್ನು ಬಿಎಂಐ ಹೇಳುವುದಿಲ್ಲ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಯಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ದೇಹಗಳ ಲೆಕ್ಕವನ್ನು ಮುಂದಿಟ್ಟಿದ್ದರು. ಇಬ್ಬರ ಬಿಎಂಐಯೂ 22.3, ಆದರೆ ದೇಹದ ಕೊಬ್ಬು ಯಡ್ಕಿನ್ ಅವರಲ್ಲಿ ಶೇ 9.1 ಇದ್ದರೆ ಯಾಜ್ಞಿಕ್ ಅವರಲ್ಲಿ ಶೇ 21.2 ಇತ್ತು. ತೆಳ್ಳಗೆ ಕಂಡರೂ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚಿರುವುದು ಭಾರತೀಯರಲ್ಲಿ ಅಪರೂಪವಲ್ಲ.

ನೀವು ದಮ್ಮು ಎನ್ನುವುದನ್ನು ಶರೀರಶಾಸ್ತ್ರದವರು ಏರೋಬಿಕ್ ಸಾಮರ್ಥ್ಯ ಎನ್ನುತ್ತಾರೆ. ಗರಿಷ್ಠ ಶ್ರಮದಲ್ಲಿ ದೇಹವು ಒಂದು ನಿಮಿಷಕ್ಕೆ ಬಳಸಬಲ್ಲ ಆಮ್ಲಜನಕವನ್ನು ತೂಕದಿಂದ ಭಾಗಿಸಿದರೆ ಅದರ ಅಳತೆ ಸಿಗುತ್ತದೆ. ಓಡುವಾಗ ಹೃದಯ ಕಳಿಸುವ ಆಮ್ಲಜನಕದ ಬಹುಪಾಲನ್ನು ಸ್ನಾಯುಗಳೇ ಬಳಸುತ್ತವೆ. ಹೆಚ್ಚುವರಿ ಕೊಬ್ಬನ್ನು ಅವು ಹೊರಬೇಕಾಗುತ್ತದೆ. ನಿಮಿಷಕ್ಕೆ 2.4 ಲೀಟರ್ ಬಳಸಬಲ್ಲ 60 ಕೆ.ಜಿ.ಯ ವ್ಯಕ್ತಿಗೆ ಈ ಲೆಕ್ಕ ಕೆ.ಜಿ.ಗೆ 40 ಮಿ.ಲೀ.; ಅವನಿಗೆ ಆರು ಕೆ.ಜಿ. ಬರೀ ಕೊಬ್ಬು ಸೇರಿದರೆ ಅದು ಸುಮಾರು 36ಕ್ಕೆ ಇಳಿಯುತ್ತದೆ. ನಿಮ್ಮ ಗೆಳೆಯರ ಹೆಚ್ಚಿನ ಎಂಟು ಕೆ.ಜಿ.ಯಲ್ಲಿ ಸ್ನಾಯುವಿನ ಪಾಲೇ ದೊಡ್ಡದಿರಬಹುದು, ಅವರ ಹೃದಯಕ್ಕೆ ಓಟದ ರೂಢಿಯೂ ಇರಬಹುದು. ಊಟ ಬಿಟ್ಟು ತೂಕ ಇಳಿಸಿದರೆ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ, ಹೃದಯವಂತೂ ಬಲಗೊಳ್ಳುವುದಿಲ್ಲ. ನಾನು ಬೇಡವೆನ್ನುವುದು ಇದಕ್ಕಾಗಿಯೇ.

ವಾರಕ್ಕೆ ಕನಿಷ್ಠ 150 ನಿಮಿಷ, ಮಾತನಾಡಲು ಸಾಧ್ಯವಾಗುವಷ್ಟು ವೇಗದಲ್ಲಿ ಬಿರುಸಾಗಿ ನಡೆಯಿರಿ ಅಥವಾ ನಿಧಾನವಾಗಿ ಓಡಿ. ಎರಡು ದಿನ ದಂಡ, ಬಸ್ಕಿಗಳನ್ನು ಮಾಡಿ. ಬೇಳೆ, ಕಾಳು, ಮೊಸರು ತಟ್ಟೆಯಲ್ಲಿರಲಿ. ತಕ್ಕಡಿಯ ಬದಲು ಟೇಪನ್ನು ನಂಬಿ: ಭಾರತೀಯ ಪುರುಷರ ಸೊಂಟದ ಸುತ್ತಳತೆ 90 ಸೆಂ.ಮೀ. ಮೀರಬಾರದು. ದಮ್ಮನ್ನು ಅಳೆಯಲು ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ 12 ನಿಮಿಷದ ಓಟ ಸಾಕು. ಎಷ್ಟು ಮೀಟರ್ ಕ್ರಮಿಸಿದಿರೆಂದು ಬರೆದಿಟ್ಟು, ಎರಡು ತಿಂಗಳ ಅಭ್ಯಾಸದ ನಂತರ ಮತ್ತೆ ಓಡಿ ನೋಡಿ. ಆದರೆ ಓಡುವಾಗ ಎದೆನೋವು ಅಥವಾ ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿರಿ. ರಕ್ತಹೀನತೆಯಿಂದಲೂ ಏದುಸಿರು ಬರುವುದರಿಂದ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.