ಇಂಗ್ಲೆಂಡಿನಲ್ಲಿ ಮನೆಯ ಲಾನ್ ಕಾಡುಹೂಗಳ ಹುಲ್ಲುಗಾವಲಾಗಲು ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿದರೆ ಸಾಕೇ?

ಬಹಳಷ್ಟು ಕಡೆ ಅಷ್ಟೇ ಸಾಲದು. ಸುಮ್ನೆ ಬಿಟ್ಟರೆ ಹುಲ್ಲೇ ಎತ್ತರಕ್ಕೆ ಬೆಳೆದು ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ವರ್ಷಗಟ್ಟಲೆ ಗೊಬ್ಬರ ಕಂಡ ಮಣ್ಣಿನಲ್ಲಿ ಹುಲ್ಲಿನದೇ ಜೋರು. ಇಂಗ್ಲೆಂಡಿನ ಕಾಡುಹೂಗಳಿಗೆ ಬೇಕಾದದ್ದು ಸಾರ ಕಡಿಮೆ ಇರುವ ಮಣ್ಣು. ಹಾಗಾಗಿ ಮೊದಲು ಗೊಬ್ಬರ ನಿಲ್ಲಿಸಿ.

ಆಮೇಲೆ ಯೆಲ್ಲೋ ರ್‍ಯಾಟಲ್ ಬಿತ್ತಿ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳವೇ ಈ ಪುಟ್ಟ ಗಿಡ. ಇದು ಹುಲ್ಲಿನ ಬೇರಿಗೆ ಅಂಟಿಕೊಂಡು ನೀರು, ಪೋಷಕಾಂಶ ಹೀರುತ್ತದೆ. ಹುಲ್ಲು ಸೊರಗಿದ ಕಡೆ ಹೂಗಿಡಗಳಿಗೆ ಜಾಗ ಸಿಗುತ್ತದೆ. ಬೀಜ ಮೊಳೆಯಲು ಚಳಿಗಾಲದ ಚಳಿ ಬೇಕೇ ಬೇಕು. ಹಾಗಾಗಿ ಶರತ್ಕಾಲದಲ್ಲೇ ಬಿತ್ತಬೇಕು, ಅದೂ ಆ ವರ್ಷದ ಹೊಸ ಬೀಜವನ್ನು. ಅದಕ್ಕೆ ಮುಂಚೆ ಹುಲ್ಲನ್ನು ತೀರಾ ಗಿಡ್ಡಕ್ಕೆ ಕತ್ತರಿಸಿ, ರೇಕ್‌ನಿಂದ ಚೆನ್ನಾಗಿ ಕೆರೆದು, ಅರ್ಧದಷ್ಟಾದರೂ ಮಣ್ಣು ಕಾಣುವಂತೆ ಮಾಡಿ. ಬೀಜವನ್ನು ಮಣ್ಣಿನಿಂದ ಮುಚ್ಚಬೇಡಿ, ಮೇಲೆ ತುಳಿದರೆ ಸಾಕು.

ಮುಂದಿನ ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ಕೊಯ್ಯಿರಿ. ಕೊಯ್ದದ್ದು ಕೆಲವು ದಿನ ಅಲ್ಲೇ ಒಣಗಿ ಬೀಜ ಉದುರಲಿ. ನಂತರ ಪೂರ್ತಿ ಎತ್ತಿಬಿಡಿ. ಅಲ್ಲೇ ಕೊಳೆತರೆ ಮತ್ತೆ ಗೊಬ್ಬರವೇ ಆಯಿತು, ಅಲ್ವಾ?

ಒಂದು ಎಚ್ಚರಿಕೆ: ಗಸಗಸೆ ಜಾತಿಯ ಕೆಂಪು ಪಾಪಿ (poppy) ಹೂ ಮೊದಲ ವರ್ಷ ಕಣ್ತುಂಬುತ್ತದೆ, ಆದರೆ ಮಣ್ಣು ಕೆದಕದಿದ್ದರೆ ಮರುವರ್ಷ ಹೆಚ್ಚು ಬರುವುದಿಲ್ಲ.

ಶ್ರಮ ಸಾರ್ಥಕವೇ? ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜು 1772ರ ಕಾಲದ ತನ್ನ ಲಾನಿನ ಒಂದು ಭಾಗವನ್ನು ಕಾಡುಹೂಗಳ ಹುಲ್ಲುಗಾವಲಾಗಿ ಬದಲಿಸಿತು. 2023ರ ಅಧ್ಯಯನದ ಪ್ರಕಾರ, ಉಳಿದ ಲಾನಿಗಿಂತ ಅಲ್ಲಿ ಗಿಡ, ಜೇಡ, ಕೀಟಗಳ ಜಾತಿಗಳು ಸುಮಾರು ಮೂರು ಪಟ್ಟು ಜಾಸ್ತಿ.